ಹೋಲ್ಡಾನ್

ಮೂವತ್ತೊಂದು ವರ್ಷ ನಾನು
ರಸ್ತೆಗೆ ಬೆನ್ನು ಹಾಕಿ ಬದುಕಿದವನು.
ತುಮಕೂರು–ಪಾವಗಡ, ಮಧುಗಿರಿ ಮೇಲೆ.
ನನ್ನೆದುರು ಇದ್ದದ್ದು ಮುಖಗಳು,
ಚಿಲ್ಲರೆ ಇಲ್ಲದ ಕೈಗಳು,
ಅರ್ಧ ಟಿಕೆಟ್ಟಿಗಾಗಿ ಮಂಡಿ ಬಗ್ಗಿಸಿ ನಿಂತ ಹುಡುಗರು.
ಮುಂದಿನದು ಡ್ರೈವರಿಗೆ ಸೇರಿದ್ದು.
ಎದುರಿಗೆ ಲಾರಿ ಬಂತೋ ಎಮ್ಮೆ ಬಂತೋ
ನನ್ನ ಮೊಣಕಾಲಿಗೆ ಮೊದಲು ತಿಳಿಯುತ್ತಿತ್ತು,
ಆಮೇಲೆ ನನಗೆ.

ಈಗ ಅರವತ್ತೆರಡಕ್ಕೆ
ಮುಂದಿನ ಸೀಟಿನಲ್ಲಿ ಕೂತಿದ್ದೇನೆ.
ಗಾಜಿನ ತುಂಬ ರಸ್ತೆ.
ಇಷ್ಟೊಂದು ರಸ್ತೆ ಇರುತ್ತದೆ ಅಂತ
ಯಾರೂ ಹೇಳಿರಲಿಲ್ಲ.

ಸ್ಟೇರಿಂಗ್ ಹಿಡಿದವಳು ಸರ್ವಮಂಗಳ,
ಹನ್ನೆರಡು ವರ್ಷ ಶಾಲೆಯ ವ್ಯಾನು ಓಡಿಸಿದವಳು.
ಹಿಂದೆ, ಕೊಕ್ಕೆಗೆ ಬಿದ್ದು, ಬರುತ್ತಿದೆ ನಮ್ಮ ಗಾಡಿಮನೆ.
ಅಂತರಸನಹಳ್ಳಿಯ ಶೆಡ್ಡಿನಲ್ಲಿ ಮುನೀರ್ ಸಾಬರು
ಆರು ತಿಂಗಳು ಬೆಸುಗೆ ಹಾಕಿ ಕೊಟ್ಟದ್ದು.
ಎರಡು ಮಂಚ, ಒಂದು ಒಲೆ,
ಹಸಿರು ಪರದೆಯ ಕಿಟಕಿ,
ಊರೂರು ಸುತ್ತಬೇಕೆಂಬ ಅವಳ ಹಟಕ್ಕೆ
ಎರಡು ಚಕ್ರ.

ಕೋರ ದಾಟುವಷ್ಟರಲ್ಲಿ ನನ್ನ ಬಲಗಾಲು
ಹದಿನೇಳು ಸಲ ಬ್ರೇಕು ತುಳಿದಿತ್ತು.
ಅಲ್ಲಿ ಬ್ರೇಕಿಲ್ಲ, ರಬ್ಬರ್ ಮ್ಯಾಟು.
"ತೂತು ಬಿದ್ದೀತು ಕಣ್ರೀ, ನಿಧಾನ" ಅಂದಳು.
ಕಾಲು ಮಡಚಿಕೊಂಡೆ.
ಕೈ ಹೋಗಿ ಬಾಗಿಲಿನ ಹಿಡಿಗೆ ನೇತುಬಿತ್ತು.
ಏಲಕ್ಕಿ ಅಗಿದೆ. ಕಣ್ಣು ಮುಚ್ಚಿದೆ,
ಮುಚ್ಚಿದರೆ ಲಾರಿಗಳು ಇನ್ನೂ ದೊಡ್ಡವಾದವು.
ಹಳೆಯ ಸ್ಟೇಜುಗಳನ್ನು ಜಪಿಸಿದೆ:
ಕೊರಟಗೆರೆ ಏಳೂವರೆ, ಮಧುಗಿರಿ ಹನ್ನೆರಡು...
ಬೇರೆ ದಾರಿ, ಬೇರೆ ಕಾಲದ ದರ,
ಎದೆ ಆ ಟಿಕೆಟ್ಟು ತಗೊಳ್ಳಲಿಲ್ಲ.

ಸೀಬಿ ಇನ್ನೂ ಎರಡು ಕಿಲೋಮೀಟರ್ ಇದ್ದಾಗ
ಒಂದು ಕಂಟೇನರ್, ನೀಲಿ ಗೋಡೆ,
ಬಲಕ್ಕೆ ಉಜ್ಜಿದ ಹಾಗೆ ಹೋಯಿತು.
ಗಾಳಿ ನಮ್ಮ ಮನೆಯನ್ನು ಹೀರಿ ಬಿಟ್ಟಿತು.
ಗಾಡಿಮನೆ ಬಾಲ ಬೀಸಿತು,
ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ,
ಒಳಗೆ ಸ್ಟೀಲಿನ ಲೋಟಗಳೆಲ್ಲ ಒಟ್ಟಿಗೆ ಮಾತಾಡಿದವು.
"ಬ್ರೇಕ್! ಬ್ರೇಕ್ ಹಾಕೇ!"
ಅವಳು ಹಾಕಲಿಲ್ಲ.
ಆಕ್ಸಿಲರೇಟರಿನಿಂದ ಚಪ್ಪಲಿ ಎತ್ತಿದಳು, ಅಷ್ಟೇ,
ಸ್ಟೇರಿಂಗನ್ನು ಜೋಲಿಯ ಹಗ್ಗದ ಹಾಗೆ ಸುಮ್ಮನೆ ಹಿಡಿದಳು.
ಎಪ್ಪತ್ತು, ಅರವತ್ತು, ನಲವತ್ತೈದು.
ಬಾಲ ನೆಟ್ಟಗಾಯಿತು.
ಅವಳ ಮೇಲ್ದುಟಿಯಲ್ಲಿ ಸಣ್ಣಗೆ ಬೆವರಿತ್ತು.
ಆಗ ಗೊತ್ತಾಯಿತು, ಭಯ ನನ್ನೊಬ್ಬನದೇ ಅಲ್ಲ,
ಅವಳದಕ್ಕೆ ಕೆಲಸ ಇದೆ, ನನ್ನದಕ್ಕಿಲ್ಲ.

ರಸ್ತೆ ಬದಿ ನಿಲ್ಲಿಸಿ, ಬೇಯಿಸಿದ ಕಡಲೆಕಾಯಿ ಕೊಂಡೆವು.
ಕೊಕ್ಕೆಗೆ, ಸರಪಳಿಗೆ ಕೈಯಾಡಿಸಿ ಬಂದಳು.
ಸಿಪ್ಪೆ ಬಿಡಿಸುತ್ತಾ ಅಂದಳು:
"ಮುಂದೆ ನೋಡಬೇಡಿ. ಅಭ್ಯಾಸ ಇಲ್ಲ ನಿಮಗೆ.
ಎಡಗನ್ನಡಿ ನೋಡಿ. ಹಿಂದೆ ಏನೇನಾಗ್ತಿದೆ ಹೇಳ್ತಾ ಬನ್ನಿ."

ಹೇಳುತ್ತಾ ಬಂದೆ.
ಪರದೆ ಆಚೆ ಬಂದು ಟಾಟಾ ಮಾಡ್ತಿದೆ.
ಚಕ್ರ ಬಿಳಿ ಗೆರೆ ಒಳಗೇ ಇದೆ.
ಒಂದು ಬೈಕು, ಮೂವರು, ಮಧ್ಯದವನ ಕೈಲಿ ಹಾಸಿಗೆ.
ಟೊಮ್ಯಾಟೊ ಲಾರಿ ಬರ್ತಿದೆ, ಬಿಡು, ಹೋಗ್ಲಿ,
ಹೋಯ್ತು.
ರೈಟ್.

ಎಷ್ಟು ವರ್ಷವಾಗಿತ್ತು ಆ ಮಾತು ಬಾಯಿಗೆ ಬಂದು.
ಅವಳು ನಕ್ಕಳೋ ಏನೋ. ನಾನು ಕನ್ನಡಿ ಬಿಟ್ಟಿರಲಿಲ್ಲ.

ಕಳ್ಳಂಬೆಳ್ಳದ ಕೆರೆಯ ಹತ್ತಿರ, ಸಂಜೆ,
ಜಾಲಿಯ ನಡುವೆ ಸ್ವಲ್ಪ ಬಯಲು ಸಿಕ್ಕಿತು.
ಹಿಂದಕ್ಕೆ ಹೊಡೆಯಬೇಕು. ಗಾಡಿಮನೆಗೆ ಉಲ್ಟಾ ಬುದ್ಧಿ,
ಸ್ಟೇರಿಂಗ್ ಎಡಕ್ಕೆಂದರೆ ಅದು ಬಲಕ್ಕೆ.
ನಾನು ಇಳಿದು ಹಿಂದೆ ನಿಂತೆ.
ಬರಲಿ, ಬರಲಿ, ಬರಲಿ,
ಕೈಯಿಂದ ತಗಡು ತಟ್ಟುತ್ತಾ,
ಇನ್ನೊಂದು ಮೊಳ, ಬರಲಿ,
ಹೋಲ್ಡಾನ್!

ಕೆರೆಯ ಕೊಕ್ಕರೆಗಳು ಎದ್ದವು.
ಎಂಜಿನ್ ನಿಂತಿತು.

ಮಾರನೆಯ ದಿನ ವಾಪಸು ಬರುವಾಗಲೂ
ಎರಡು ಸಲ ಮ್ಯಾಟು ತುಳಿದೆ.
ಅವಳು ಲೆಕ್ಕ ಹಾಕಿದ್ದಳು. ಮೂರು ಅಂದಳು.