ಸ್ಥಳೀಯ ಹೆಸರು

ಹಾಳೆಯ ಮೇಲೆ ಅದು ಕಂದು.
ಡಿಕಾಕ್ಷನ್ ಚೆಲ್ಲಿ ಒಣಗಿದಷ್ಟು ಕಂದು.
ಚೀಟಿಯಲ್ಲಿ ಯಾರದೋ ಓರೆ ಅಕ್ಷರ ಮಾತ್ರ
ಇನ್ನೂ ಹಟ ಹಿಡಿದಿದೆ: ಹೂ, ನೀಲಿ.

ಮೈಸೂರಿನ ಈ ಕೋಣೆಯಲ್ಲಿ ಹನ್ನೊಂದು ವರ್ಷದಿಂದ
ಒಣಗಿದ್ದನ್ನು ಹೊಲಿಯುವುದು ನನ್ನ ಕೆಲಸ.
ದಂಟಿಗೆ ಎರಡು ಹೊಲಿಗೆ, ಬೇರಿಗೊಂದು.
ನುಸಿಗುಳಿಗೆಯ ವಾಸನೆ ಊಟದ ಡಬ್ಬಿಯೊಳಗೂ.
ಚೀಟಿಯಲ್ಲಿ ಎಲ್ಲ ತುಂಬಿದೆ: ತಾಲ್ಲೂಕು, ಎತ್ತರ, ತಾರೀಖು,
ಈ ಒಂದೇ ಬೆಟ್ಟ, ಬೇರೆಲ್ಲೂ ಕಂಡಿಲ್ಲ.
ಸ್ಥಳೀಯ ಹೆಸರು ಎಂಬಲ್ಲಿ ಒಂದು ಗೆರೆ.
ಗೆರೆಯ ಮೇಲೆ ಏನೂ ಇಲ್ಲ.

ಗೌರಿಹಬ್ಬ ಕಳೆದ ಭಾನುವಾರ
ಕಿಕ್ಕೇರಿ ಬಸ್ಸು ಹತ್ತಿದೆ. ಯಾರೂ ಕಳಿಸಿರಲಿಲ್ಲ.
ಕರಿದೊಣೆ ಬೆಟ್ಟಕ್ಕೆ ಮೆಟ್ಟಿಲಿಲ್ಲ, ದೇವರಿಲ್ಲ,
ಅರ್ಧ ಏರುವಷ್ಟರಲ್ಲಿ ಮೊಣಕಾಲು ಮಾತಾಡುತ್ತದೆ.
ಮೇಲೆ ಬಂಡೆಯ ಬೆನ್ನಲ್ಲಿ ಅಂಗೈಯಗಲ ತಗ್ಗು,
ತಗ್ಗಿನಲ್ಲಿ ಒಂದು ಹಿಡಿ ಮಣ್ಣು, ಮಣ್ಣಿನ ಮೇಲೆ ನಿಂತ ನೀರು,
ನೀರಿನಲ್ಲಿ...
ಅಯ್ಯೋ, ಇದಕ್ಕೆ ನೀಲಿ ಎಂದನಲ್ಲ ಆ ಪುಣ್ಯಾತ್ಮ!
ಸೀಮೆಎಣ್ಣೆ ಸ್ಟೌ ಹತ್ತಿಕೊಳ್ಳುವಾಗ
ಬತ್ತಿಯ ಬುಡದಲ್ಲಿ ಒಂದು ಚಣ ಕಂಡು ಹೋಗುವುದಲ್ಲ,
ಅದು. ಸಾಸಿವೆಗಿಂತ ಒಂಚೂರು ದೊಡ್ಡದು.
ಮಂಡಿಯೂರಿದೆ.
ಸೂಜಿ ಹಿಡಿಯುವ ಬೆರಳನ್ನು ಹಿಂದಕ್ಕೆ ಕಟ್ಟಿಕೊಂಡೆ.

ಮೇಕೆ ಅಟ್ಟಿಕೊಂಡು ಬಂದ ಚಿಕ್ಕತಾಯಮ್ಮನನ್ನು ಕೇಳಿದೆ.
"ಇದ್ಕಾ? ಇದ್ಕೇನೂ ಅನ್ನಕಿಲ್ಲ ಕನವ್ವ.
ಮೇಕೆ ಮೂಸ್ದಿದ್ಕೆ ಹೆಸ್ರು ಯಾಕೆ?"
ನಿಮ್ಮಲ್ಲೇನಂದೀರಿ ಅಂದಳು.
ಹೇಳಿದೆ, ನಾಲಿಗೆ ತೊಡರಿಸಿಕೊಂಡು:
ಬಾಲಕ್ಕೆ ಯಾವನೋ ಬಿಳಿ ದೊರೆಯ ಹೆಸರು ಕಟ್ಟಿದೆ.
"ಅವಂದೇನು, ಈ ಕಡೆ ಹೊಲಗಿಲ ಇತ್ತಾ?"

ಕೋಲು ಊರಿ ನಕ್ಕಳು. ನಗುತ್ತ ನಗುತ್ತ ನಿಂತಳು.
"ನಮ್ಮ ದೊಡ್ಡ ಹೆಣ್ಮಗ ಒಂದು
ಇದ್ರ ಮುಂದೆ ಕುಂತು ಏನೋ ಕರೀತಿತ್ತು.
ದಿನಾ ಅದೇ ಹೆಸ್ರು.
ಮೇಕೆ ಹೊಲಕ್ಕೆ ನುಗ್ತವೆ ಎದ್ದೇಳು ಅಂತ ನಾನು ಗದರೋಳು.
ಏನು ಕರೀತಿತ್ತೋ.
ಈಗ ಕೇಳಾನ ಅಂದ್ರೆ..."
ಮೇಕೆಗಳು ಎಲ್ಲೂ ಹೋಗಿರಲಿಲ್ಲ.
ಆದರೂ ಅವಳು ಹಚಾ ಹಚಾ ಎನ್ನುತ್ತ
ಬಂಡೆಯ ಆಚೆ ಇಳಿದಳು.

ಸೋಮವಾರ ಬೀರು ತೆಗೆದು ಹಾಳೆ ಹಾಸಿದೆ.
ಪೆನ್ಸಿಲಿನಲ್ಲಿ ಬರೆದೆ,
ಮೇಲಿನವರು ಕೇಳಿದರೆ ಅಳಿಸಬಹುದು.
ಸ್ಥಳೀಯ ಹೆಸರು:
ಇತ್ತು.