ಕಂಡದ್ದು, ಕೇಳಿದ್ದು

ಫಾರಮ್ಮಿನಲ್ಲಿ ಎರಡೇ ಕಲಮು:
ಕಂಡದ್ದು, ಕೇಳಿದ್ದು.
ಜೋಗಿಮಟ್ಟಿ ಗೇಟಿನ ಹತ್ತಿರ ಬೆಳಗಿನ ಐದೂಮುಕ್ಕಾಲು.
ಗುಡ್ಡದ ನೆತ್ತಿಯ ಮೇಲೆ ಗಾಳಿ ಫ್ಯಾನುಗಳು ನಿಂತಲ್ಲೇ ನಿದ್ದೆ.
ನನ್ನ ಕೊರಳಿಗೆ ಯಾರದೋ ದುರ್ಬೀನು,
ಗಾದ್ರಪ್ಪನ ಕೊರಳಿಗೆ ಮಫ್ಲರು.

ಮೂವತ್ತೊಂದು ವರ್ಷ ಮೈಕ್‌ಸೆಟ್ಟು ಬಾಡಿಗೆ ಕೊಟ್ಟವನು ನಾನು,
ಮದುವೆಗೆ, ಎಲೆಕ್ಷನ್ನಿಗೆ, ಸತ್ತವರ ಮನೆಯ ಭಜನೆಗೆ.
ಹಾರನ್ನಿನ ಬಾಯಿಗೆ ಎಡಗಿವಿ ಕೊಟ್ಟೂ ಕೊಟ್ಟೂ
ಸಣ್ಣ ದನಿಗಳೆಲ್ಲ ಒಂದೊಂದಾಗಿ ಎದ್ದುಹೋದವು:
ಮೊದಲು ಜೀರುಂಡೆ, ಆಮೇಲೆ ಹಾಲಿನ ಹುಡುಗನ ಸೈಕಲ್ ಬೆಲ್ಲು,
ಆಮೇಲೆ ಸೂರಕ್ಕಿ.

ಗಾದ್ರಪ್ಪ ಈ ಕಾಡಿನ ವಾಚರು.
ಎರಡೂ ಕಣ್ಣಿಗೆ ಪೊರೆ.
ಬೇಸಗೆ ಕಳೀಲಿ, ಮಾಡಿಸ್ತೀನಿ ಅಂತಾನೆ,
ಯಾವ ಬೇಸಗೆ ಅಂತ ಹೇಳೋದಿಲ್ಲ.

ಅವನು ನಿಂತರೆ ನಾನೂ ನಿಲ್ಲಬೇಕು.
ಬೆರಳೆತ್ತಿ ಗಾಳಿಯಲ್ಲೊಂದು ಗೆರೆ ಎಳೆಯುತ್ತಾನೆ:
"ಆ ದಿಂಡಿಗದ ಮರ, ಎಡಕ್ಕೆ, ಬಂಡೆ ಬುಡದಾಗೆ."
ನೋಡುತ್ತೇನೆ. ಇರುತ್ತದೆ.
ಒಮ್ಮೆ ಹರಟೆಮಲ್ಲಗಳ ಇಡೀ ಸಂಸಾರ, ಒಮ್ಮೆ ಕೆಂಬೂತ,
ಒಮ್ಮೆ ಬರೀ ಕಲ್ಲು.
"ಹಾರ್ತು ಬಿಡು, ನೀನು ತಡ ಮಾಡ್ದೆ."

ಎಂಟರ ಹೊತ್ತಿಗೆ ಮಂಡಕ್ಕಿ ಪೊಟ್ಟಣ ಬಿಚ್ಚಿದ್ದೆವು.
ಅಗಿಯುತ್ತಿದ್ದವನು ತಟ್ಟನೆ ದವಡೆ ನಿಲ್ಲಿಸಿದ.
"ಅರಿಶಿನ ಕೊರಳಿಂದು."

ದುರ್ಬೀನಿನೊಳಗೆ ಬೂದಿ ಬಂಡೆ, ಮುಳ್ಳು, ಮಸುಕು,
ಮತ್ತೆ ಮುಳ್ಳು,
ಪಿಕಳಾರ.
ಒಗ್ಗರಣೆಯ ನಡುವೆ ಎದ್ದುಬಂದ ಯಾರೋ
ಅದೇ ಕೈಯಲ್ಲಿ ಗಲ್ಲ ಸವರಿ ಹೋದಷ್ಟೇ ಹಳದಿ.
ಕೊಕ್ಕು ತೆರೆಯಿತು, ಕೊರಳು ಉಬ್ಬಿತು.
ಹಲೋ ಒಂದು ಎರಡು ಮೂರು ಅನ್ನುವವನ
ವೈರು ಕಿತ್ತುಹೋಗಿದ್ದರೆ ಹೇಗೋ ಹಾಗೆ
ನೋಡುತ್ತ ಕೂತೆ.

ಎಷ್ಟು ಬರೀಲಿ?
"ಎರಡು. ಆಚೆ ಕೊಳ್ಳದಿಂದ ಇನ್ನೊಂದು ಮಾರುತ್ತರ ಕೊಡ್ತಲ್ಲ."
ನಾನು ಕಂಡದ್ದು ಒಂದು, ಅವನು ಕೇಳಿದ್ದು ಎರಡು,
ಕೂಡಬೇಕೋ ಕಳೆಯಬೇಕೋ ತಿಳಿಯದೆ
ಸಹಿ ನೀನೇ ಹಾಕು ಅಂದೆ.
"ನನ್ನ ಹೆಸರು ಬ್ಯಾಡ. ಸಾಹೇಬ್ರು
ಎಲ್ಲಿತ್ತು ತೋರ್ಸು ಅಂದ್ರೆ?"

ಪೆನ್ನನ್ನು ಎಡಗಿವಿಗೆ ಸಿಕ್ಕಿಸಿಕೊಂಡೆ,
ಅದಕ್ಕೀಗ ಅದೊಂದೇ ಕೆಲಸ.
ಅಷ್ಟರಲ್ಲಿ ಗುಡ್ಡದ ಮೇಲೆ ಫ್ಯಾನುಗಳು ತಿರುಗತೊಡಗಿದ್ದವು.
ಗಾದ್ರಪ್ಪ ಮಫ್ಲರನ್ನು ಕಿವಿಯ ಮೇಲಕ್ಕೆಳೆದ.
"ಏನು ಗಲಾಟೆ ಮಾರಾಯ,
ಇನ್ನೇನೂ ಕೇಳಾಕಿಲ್ಲ, ನಡಿ."