ಟಿಕೆಟ್ ರೋಲಿನ ಕೊನೆ

ಪಾಳ್ಯದಲ್ಲಿ ಇಳಿಸಿಬಿಟ್ಟೆ ಅವಳನ್ನು.
ಆಧಾರ್ ಕಾರ್ಡು ಮನೆಯಲ್ಲೇ ಮರೆತಿದ್ದಳು,
ಕಾಲಿಗೆ ಎರಡು ಬಗೆಯ ಚಪ್ಪಲಿ,
"ಹಾಸನದ ಆಸ್ಪತ್ರೆಗೆ ಕಣವ್ವಾ" ಅಂದಳು.
ಶೂನ್ಯ ಟಿಕೆಟ್ಟಿಗೂ ಒಂದು ಕಾನೂನಿದೆಯೆಂದು
ಇಡೀ ಬಸ್ಸಿಗೆ ಕೇಳುವಂತೆ ಕೂಗಿ
ಎರಡು ಸೀಟಿ ಊದಿದೆ.
ತಮ್ಮೇಗೌಡರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ
ಗೇರು ಬದಲಿಸಿದರು. ಏನೂ ಅನ್ನಲಿಲ್ಲ.

ಮಾರನೇ ದಿನ ಮುಟ್ಟಾದೆ.
ಮಧ್ಯಾಹ್ನದೊಳಗೆ ಎಲ್ಲ ಇಳಿದುಹೋಯಿತು:
ಎದೆಯ ಬಿಗಿ, ಪಾದದ ಬಾವು,
ಹಣೆಯೊಳಗೆ ಯಾರೋ ಹಚ್ಚಿಟ್ಟಿದ್ದ ಒಲೆ.
ಖಾಲಿ ಬಸ್ಸಿನ ಕೊನೇ ಸೀಟಲ್ಲಿ ಕೂತು
ಚಿಲ್ಲರೆ ಎಣಿಸುತ್ತ ಅತ್ತೆ.
ಒಂದು ರೂಪಾಯಿ ಹೆಚ್ಚಿತ್ತು.

ಇದಕ್ಕೆ ನಮ್ಮತ್ತೆ "ಮೈಮೇಲೆ ಬರೋದು" ಅನ್ನುತ್ತಾರೆ,
ಧರ್ಮೇಶ "ನಿಮ್ಮಪ್ಪನ ರಕ್ತ" ಅನ್ನುತ್ತಾನೆ.
ಡಿಪೋದಲ್ಲಿ ನನ್ನ ಹೆಸರು ಮೆಣಸಿನಕಾಯಿ ಪ್ರಭಾ;
ಎದುರಿಗೆ ಯಾರೂ ಕರೆಯುವುದಿಲ್ಲ.
ನಾನೂ ಹುಟ್ಟುಗುಣವೆಂದೇ ತಿಳಿದಿದ್ದೆ,
ಸುಟ್ಟರೂ ಹೋಗದ್ದು.

ಸಾಲಗಾಮೆ ರಸ್ತೆಯಲ್ಲಿ, ಮೆಡಿಕಲ್ ಶಾಪಿನ ಮಹಡಿ ಮೇಲೆ,
ಡಾಕ್ಟರ್ ಶಾಹೀನಾ ಮಾತ್ರೆ ಬರೆಯಲಿಲ್ಲ ಮೊದಲ ದಿನ.
"ಎರಡು ತಿಂಗಳು ನೀವೇ ಬರೀರಿ,
ದಿನಾ ಹೇಗಿದ್ರಿ ಅಂತ."

ಬರೆದೆ, ಟಿಕೆಟ್ ರೋಲಿನ ತುದಿಗಳ ಮೇಲೆ.
ರೋಲು ಮುಗಿಯುವ ಮುನ್ನ ಅಂಚಿಗೆ ಕೆಂಪು ಗೆರೆ ಮೂಡುತ್ತದಲ್ಲ,
ಆ ಮೊಳದುದ್ದ ಕಾಗದ ಯಾರಿಗೂ ಬೇಡ.

ಆರು: ಚೆನ್ನಾಗಿದ್ದೆ. ಬಾಳ್ಳುಪೇಟೆಯಲ್ಲಿ ಕಿತ್ತಳೆ ಕೊಂಡೆ.
ಹದಿನಾಲ್ಕು: ಇಂಚರಳ ಜಡೆ ಎಳೆದೆಳೆದು ಹೆಣೆದೆ. ಅತ್ತಳು.
ಹದಿನೇಳು: ಉಪ್ಪಿನಕಾಯಿ, ಮತ್ತೆ ಉಪ್ಪಿನಕಾಯಿ.
ಹತ್ತೊಂಬತ್ತು: ಸಕಲೇಶಪುರ ಸ್ಟ್ಯಾಂಡಿನಲ್ಲಿ ಒಬ್ಬ ಸುಮ್ಮನೆ ಸೀನಿದ. ಬೈದೆ.
ಇಪ್ಪತ್ತೊಂದು: ನಾನಿಲ್ಲದಿದ್ದರೆ ಯಾರಿಗೇನು
ಎಂದು ಬರೆದು, ಹೊಡೆದುಹಾಕಿದ್ದೆ.
ಇಪ್ಪತ್ತೆರಡು: ಮುಟ್ಟು. ನಿದ್ದೆ.

ಡಾಕ್ಟರು ಮೇಜಿನ ಮೇಲೆ ಅದನ್ನೆಲ್ಲ ಹಾಸಿ
ಸುರುಳಿ ಸುತ್ತದಂತೆ ಒಂದು ತುದಿಗೆ ಸ್ಟೆತಸ್ಕೋಪು,
ಇನ್ನೊಂದಕ್ಕೆ ತಮ್ಮ ಊಟದ ಡಬ್ಬಿ ಇಟ್ಟು,
ಹೊಡೆದುಹಾಕಿದ ಸಾಲಿನ ಮೇಲೇ ಬೆರಳಿಟ್ಟರು.
ಬಾಗಿಲು ಹಾಕಿಸಿ ಅದನ್ನೇ ಮೊದಲು ಕೇಳಿದರು.
ಹೊರಗೆ ಟೋಕನ್ ಹಿಡಿದವರು ಗೊಣಗುತ್ತಿದ್ದರು.
ಆಮೇಲೆ ಎರಡು ತಿಂಗಳನ್ನೂ ಅಕ್ಕಪಕ್ಕ ಜೋಡಿಸಿ,
"ಇಲ್ಲಿ ಎಂಟೊಂಬತ್ತು ದಿನ, ಇಲ್ಲೂ ಅಷ್ಟೇ.
ಉಳಿದ ಇಪ್ಪತ್ತು ದಿನ ಇರೋಳು ಯಾರಮ್ಮಾ?"

ಉತ್ತರ ತಿಳಿಯಲಿಲ್ಲ.
ಅವಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ದಿನಗಳಿಗೊಂದು ಸಣ್ಣ ಮಾತ್ರೆ, ಕ್ಯಾಲ್ಸಿಯಂ,
ಉಪ್ಪು ಕಮ್ಮಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ
(ಸಕಲೇಶಪುರದ ಟ್ರಿಪ್ಪು ಹಾಕಿಕೊಂಡವಳಿಗೆ!)
"ದಿನಾ ನಡೀರಿ" ಅಂದರು.
"ಬಸ್ಸೊಳಗೇ ಹತ್ತು ಮೈಲಿ ನಡೀತೀನಿ ಮೇಡಂ."
"ಅದು ನಡಿಗೆ ಅಲ್ಲ ಪ್ರಭಾ, ತಳ್ಳಾಟ."

ಎಲ್ಲ ಹೋಯಿತೆಂದಲ್ಲ.
ಮೂರನೇ ತಿಂಗಳು ಸ್ಟೀಲ್ ಲೋಟವೊಂದು ಗೋಡೆಗೆ ಹೋಯಿತು;
ಎಸೆಯುವ ಮುಂಚೆ ಕೈ ಒಂದು ಗಳಿಗೆ ತಡೆದಿತ್ತು,
ಇವತ್ತು ತಾರೀಕೆಷ್ಟು ಎಂದು.
ನೆಗ್ಗಿದ ಆ ಲೋಟದಲ್ಲೇ ಈಗ ಧರ್ಮೇಶ ನೀರು ಕುಡಿಯುತ್ತಾನೆ.
"ರೋಲು ಕೆಂಪಾಯ್ತಾ?" ಅಂತ ಮೊನ್ನೆ ಕೇಳಿದ,
ತಮಾಷೆಯೋ ಕಾಳಜಿಯೋ, ಅವನಿಗೂ ಗೊತ್ತಿರಲಿಲ್ಲ.

ಇಂಚರಳಿಗೆ ಹದಿಮೂರು.
ಅವಳ ಜಾಮಿಟ್ರಿ ಬಾಕ್ಸಿನಲ್ಲಿ ನಿನ್ನೆ
ನನ್ನದೇ ರೋಲಿನ ಒಂದು ತುಂಡು ಸಿಕ್ಕಿತು:
"ಹೊಟ್ಟೆ ಕಿವುಚ್ತಾ ಇದೆ. ಅಮ್ಮನ ಮೇಲೆ ಸಿಟ್ಟು.
ಸಿಟ್ಟಿಗೆ ಕಾರಣ ಇದೆ."
ಕೊನೆಯ ಸಾಲಿಗೆ ಎರಡು ಅಡಿಗೆರೆ.
ಮಡಿಚಿ, ಕೈವಾರದ ಕೆಳಗೆ, ಇದ್ದಂತೆ ಇಟ್ಟೆ.

ಕಾಯಿಲೆಗೆ ಹೆಸರು ಸಿಕ್ಕಿತೆಂದು
ಊದಿದ ಸೀಟಿ ವಾಪಸು ಬರುವುದಿಲ್ಲ.
ಬಸ್ಸು ಪಾಳ್ಯದಲ್ಲಿ ನಿಂತಾಗಲೆಲ್ಲ
ಹತ್ತುವವರ ಮುಖಕ್ಕಿಂತ ಮೊದಲು
ಕಾಲು ನೋಡುತ್ತೇನೆ.